ಗದ್ದಲವಿಲ್ಲದ ಕಡಲಿಗೆ ಮಕ್ಕಳ ಜೊತೆ ಮೊದಲ ಸಲ

"ಜಾಸ್ತಿ ಏನೂ ಬೇಡ ಮೇಡಂ. ಗದ್ದಲ ಇರಬಾರದು, ಕಡಲು ಹತ್ತಿರ ಇರಬೇಕು, ಅಷ್ಟೇ." ಮೊದಲ ಸಲ ಮಕ್ಕಳುಮರಿ ಕಟ್ಟಿಕೊಂಡು ರಜೆಗೆ ಹೊರಟವರು ಫೋನ್ ಮಾಡಿದರೆ ಬಹುಪಾಲು ಇದನ್ನೇ ಹೇಳುತ್ತಾರೆ. ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: "ರಾತ್ರಿ ಹನ್ನೊಂದಕ್ಕೆ ಚಿಕ್ಕವನಿಗೆ ಜ್ವರ ಬಂದರೆ ಏನು ಮಾಡ್ತೀರಿ?" ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರುವುದಿಲ್ಲ.

ಕುಟುಂಬಗಳಿಗೆ ಪ್ರವಾಸ ಹೊಂದಿಸಿಕೊಡುವ ಕೆಲಸ ಹಿಡಿದು ನನಗೆ 19 ವರ್ಷವಾಯಿತು. ಕಡಲತೀರದ ಒಂದು ಊರು ಶಾಂತವಾಗಿದೆ ಎಂದರೆ ಅಲ್ಲಿನವರು ಮೌನವ್ರತ ಹಿಡಿದಿದ್ದಾರೆ ಎಂದಲ್ಲ. ಸದ್ದು ಮಾಡುವಂಥದ್ದು ಅಲ್ಲಿ ಇಲ್ಲ, ಅಷ್ಟೇ. ದೊಡ್ಡ ಹೋಟೆಲ್ ಇಲ್ಲ, ಸಾಲು ಅಂಗಡಿಗಳಿಲ್ಲ, ರಾತ್ರಿಯಿಡೀ ತೆರೆದಿರುವ ಔಷಧಿ ಅಂಗಡಿ ಇಲ್ಲ, ಎಷ್ಟೋ ಕಡೆ ಎಟಿಎಂ ಇಲ್ಲ, ನೀರಿನ ಪಕ್ಕ ಸೀಟಿ ಹಿಡಿದು ನಿಲ್ಲುವ ಜೀವರಕ್ಷಕರೂ ಇಲ್ಲ. ಗದ್ದಲ ಹೋಗುವಾಗ ಅನುಕೂಲವನ್ನೂ ಕೈಹಿಡಿದು ಕರೆದುಕೊಂಡು ಹೋಗಿರುತ್ತದೆ. ಅದಕ್ಕೇ ಇಂಥ ಊರಿಗೆ ಹೊರಡುವವರಿಗೆ ನಾನು ನೋಡಬೇಕಾದ ಜಾಗಗಳ ಪಟ್ಟಿ ಕೊಡುವುದಿಲ್ಲ. ಅಲ್ಲಿ ಏನೇನಿಲ್ಲ ಎಂಬ ಪಟ್ಟಿ ಕೊಡುತ್ತೇನೆ.

ಅದು ಉದ್ದವೇನೂ ಇರುವುದಿಲ್ಲ. ಮಕ್ಕಳನ್ನು ನೋಡುವ ವೈದ್ಯರಿರುವ ಆಸ್ಪತ್ರೆ ಎಷ್ಟು ದೂರ, ರಾತ್ರಿ ವಾಹನ ಸಿಗುತ್ತದೆಯೇ, ಮನೆಯೊಳಗೆ ಫೋನಿಗೆ ಸಿಗ್ನಲ್ ಬರುತ್ತದೆಯೇ, ಅಂಗಡಿ ಬಾಗಿಲು ಎಷ್ಟಕ್ಕೆ ಹಾಕುತ್ತಾರೆ, ನಾವು ಹೋಗುವ ವಾರ ಅಲ್ಲಿ ಏನಾದರೂ ತೆರೆದಿರುತ್ತದೆಯೇ. ಈ ಕೊನೆಯದನ್ನು ಕೇಳಲು ಬಹಳ ಮಂದಿ ಮರೆಯುತ್ತಾರೆ. ಸಣ್ಣ ಕಡಲೂರುಗಳು ಋತು ಮುಗಿದ ಮೇಲೆ ಅರ್ಧಕ್ಕರ್ಧ ಬಾಗಿಲು ಹಾಕಿಕೊಂಡು ಮಲಗುತ್ತವೆ. ಬಾಡಿಗೆ ಕಡಿಮೆ ಎಂದು ಖುಷಿಪಡುವ ಮುಂಚೆ ಯಾಕೆ ಕಡಿಮೆ ಎಂದು ಕೇಳಿಕೊಳ್ಳಿ.

ಮನೆಯ ವಿಷಯದಲ್ಲಿ ನಾನೇ ಒಮ್ಮೆ ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ಕೆಲಸಕ್ಕೆ ಬಂದ ಎರಡನೇ ವರ್ಷ. "ತೀರಕ್ಕೆ ಎರಡೇ ನಿಮಿಷ" ಎಂದು ಮಾಲೀಕರು ಬರೆದಿದ್ದರು, ಫೋಟೋದಲ್ಲಿ ವರಾಂಡದ ಕಂಬಿಯಾಚೆ ಕಡಲು ಕಾಣುತ್ತಿತ್ತು. ನಂಬಿ, ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳನ್ನು ಕಳಿಸಿದೆ. ಮನೆ ಬಂಡೆಯ ನೆತ್ತಿಯ ಮೇಲಿತ್ತು. ಕೆಳಗಿಳಿಯಲು ಕಲ್ಲಿನ ಮೆಟ್ಟಿಲು, ಒಂದು ಕಡೆಯೂ ಹಿಡಿಕೆ ಇಲ್ಲ. ಮಾಲೀಕರು ಸುಳ್ಳು ಹೇಳಿರಲಿಲ್ಲ, ಗಟ್ಟಿಮುಟ್ಟಾದ ಗಂಡಸು ಎರಡು ನಿಮಿಷದಲ್ಲಿ ಇಳಿಯಬಹುದಾಗಿತ್ತು. ಊರಿಗೆ ವಾಪಸಾದ ಮೇಲೆ ನಾನು ಅಜ್ಜಿಯ ಹತ್ತಿರ ಕ್ಷಮೆ ಕೇಳಲು ಫೋನ್ ಮಾಡಿದೆ. "ಅಯ್ಯೋ, ಸಮುದ್ರ ಚೆನ್ನಾಗಿತ್ತಮ್ಮ," ಎಂದರು. "ಮೇಲಿಂದ."

ಆಮೇಲೆ ನಾನು ನಿಮಿಷದ ಲೆಕ್ಕ ಕೇಳುವುದನ್ನು ಬಿಟ್ಟೆ. ಈಗ ಮಾಲೀಕರಿಗೆ ವಿಡಿಯೊ ಕಾಲ್ ಮಾಡಿ, ಮನೆಯ ಬಾಗಿಲಿಂದ ನೀರಿನ ತನಕ ಫೋನ್ ಹಿಡಿದು ನಡೆಯಿರಿ ಎನ್ನುತ್ತೇನೆ. ನಡುವೆ ರಸ್ತೆ ದಾಟಬೇಕೇ, ಮೆಟ್ಟಿಲಿದೆಯೇ, ನೆರಳಿದೆಯೇ, ಚಪ್ಪಲಿಯಿಲ್ಲದೆ ಕಾಲಿಡಬಹುದಾದ ದಾರಿಯೇ, ಎಲ್ಲ ಅದರಲ್ಲೇ ಗೊತ್ತಾಗುತ್ತದೆ. ನೀವೂ ಕೇಳಬಹುದು, ಒಳ್ಳೆಯ ಮಾಲೀಕರು ಬೇಸರಪಡುವುದಿಲ್ಲ. ನೋಡುವಾಗ ಒಂದು ಚಿತ್ರ ಮನಸ್ಸಿನಲ್ಲಿರಲಿ: ಮಟಮಟ ಮಧ್ಯಾಹ್ನ, ಒಂದು ಮಗು ಹೆಗಲ ಮೇಲೆ ನಿದ್ದೆ ಹೋಗಿದೆ, ಇನ್ನೊಂದು ಬಕೆಟ್ ಬಿಡುವುದಿಲ್ಲ ಎಂದು ಅಳುತ್ತಿದೆ, ಒದ್ದೆ ಟವೆಲುಗಳೆಲ್ಲ ನಿಮ್ಮ ಕೈಯಲ್ಲಿವೆ. ಆ ದಾರಿಯಲ್ಲಿ ಹೀಗೆ ವಾಪಸು ಬರಲು ಆಗುತ್ತದೆಯೇ? ಆಗುವುದಾದರೆ ಕಿಟಕಿಯಿಂದ ಕಡಲು ಕಾಣದಿದ್ದರೂ ಅದೇ ಮನೆ ಹಿಡಿಯಿರಿ. ಕಡಲು ಕಾಣುವ ಕಿಟಕಿಗಿಂತ, ಹೊರಗೆ ಕಾಲು ತೊಳೆಯುವ ನಲ್ಲಿ ಮತ್ತು ಬಟ್ಟೆ ಒಣಗಿಸುವ ಹಗ್ಗ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ದಿನಗಳ ಲೆಕ್ಕ ಸುಲಭ. ಐದು ದಿನದ ರಜೆ ಎಂದರೆ ಮೂರು ದಿನ. ಮೊದಲನೆಯದು ಗಂಟು ಬಿಚ್ಚುವುದಕ್ಕೆ, ಕೊನೆಯದು ಕಟ್ಟುವುದಕ್ಕೆ.

ಆ ಮೂರು ದಿನದ ವೇಳಾಪಟ್ಟಿಯನ್ನು ನೀವೂ ಬರೆಯಬೇಡಿ, ನಾನೂ ಬರೆಯುವುದಿಲ್ಲ. ಅದನ್ನು ಕಡಲು ಮುಂಚೆಯೇ ಬರೆದಿಟ್ಟಿರುತ್ತದೆ. ಬಹುಪಾಲು ತೀರಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಇಳಿತ ಮಧ್ಯಾಹ್ನ ಎರಡಕ್ಕಿದ್ದರೆ ನಾಳೆ ಹೆಚ್ಚುಕಡಿಮೆ ಎರಡು ಐವತ್ತಕ್ಕೆ, ನಾಡಿದ್ದು ಮೂರು ನಲವತ್ತಕ್ಕೆ. ನೀರು ಏರುವಾಗಲೂ ಇಳಿಯುವಾಗಲೂ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ಹಡಗಿನವರ ಹಳೆಯ ಲೆಕ್ಕವೊಂದಿದೆ: ಏರುವ ನೀರನ್ನು ಹನ್ನೆರಡು ಪಾಲು ಮಾಡಿದರೆ, ಆರು ಗಂಟೆಯಲ್ಲಿ ಅದು ಕ್ರಮವಾಗಿ ಒಂದು, ಎರಡು, ಮೂರು, ಮೂರು, ಎರಡು, ಒಂದು ಪಾಲಿನಂತೆ ಏರುತ್ತದೆ. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಬಂದುಬಿಡುತ್ತದೆ. ಬಂಡೆಗಳ ನಡುವಿನ ಹೊಂಡದಲ್ಲಿ ಏಡಿ ಹುಡುಕುತ್ತಾ ಕೂತ ಮಕ್ಕಳ ಹಿಂದೆ ದಾರಿ ಮುಚ್ಚಿಹೋಗುವುದು ಆ ಹೊತ್ತಿನಲ್ಲೇ. ಹೊಂಡ ನೋಡಲು ಹೊರಡುವುದಾದರೆ ನೀರು ಇನ್ನೂ ಇಳಿಯುತ್ತಿರುವಾಗ ಹೊರಡಿ, ಏರಲು ಶುರುವಾದ ಕೂಡಲೇ ಎದ್ದುಬಿಡಿ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಮಕ್ಕಳಿಗೆ ವಿಶಾಲವಾದ ಗಟ್ಟಿ ಮರಳು ಸಿಗುವುದೂ ಆಗಲೇ, ಉಬ್ಬರದ ಹೊತ್ತಿಗೆ ತೀರವೇ ಮಾಯವಾಗುವುದೂ ಆಗಲೇ. ಜಾಗದಿಂದ ಜಾಗಕ್ಕೆ ವ್ಯತ್ಯಾಸ ಅಗಾಧ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಏರಿಳಿತ 16 ಮೀಟರ್ ಮುಟ್ಟುತ್ತದೆ, ಮೆಡಿಟರೇನಿಯನ್ ಸಮುದ್ರದ ಬಹಳಷ್ಟು ಕಡೆ ಅರ್ಧ ಮೀಟರೂ ಇರುವುದಿಲ್ಲ. ಆದ್ದರಿಂದ ಬೇರೆ ಊರಿನ ಅನುಭವ ನಂಬಿಕೊಂಡು ಹೋಗಬೇಡಿ. ನೀವು ಹೋಗುವ ತೀರಕ್ಕೆ ಹತ್ತಿರದ ಬಂದರಿನ ಉಬ್ಬರವಿಳಿತ ಪಟ್ಟಿ ಸಿಗುತ್ತದೆ, ಅದನ್ನು ಹೊರಡುವ ಮುಂಚೆಯೇ ತೆಗೆದಿಟ್ಟುಕೊಳ್ಳಿ.

ಇನ್ನು ನೀರು. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಗದ್ದಲವಿಲ್ಲದ ಊರನ್ನು ಹುಡುಕಿಕೊಂಡು ಬಂದವರು ನೀರಿನಲ್ಲೂ ಗದ್ದಲವಿಲ್ಲದ ಜಾಗವನ್ನೇ ಹುಡುಕುತ್ತಾರೆ. ಎರಡೂ ಕಡೆ ಬೆಳ್ಳಗೆ ನೊರೆ ಒಡೆಯುತ್ತಿದೆ, ನಡುವೆ ಹತ್ತಿಪ್ಪತ್ತು ಮೀಟರ್ ಅಗಲ ಅಲೆಯೇ ಇಲ್ಲ, ನೀರು ಸ್ವಲ್ಪ ಗಾಢ ಬಣ್ಣದಲ್ಲಿ ನುಣ್ಣಗಿದೆ. "ಇಲ್ಲೇ ಇಳಿಸೋಣ, ಇಲ್ಲಿ ಅಲೆ ಕಡಿಮೆ." ಹೀಗೆ ಹೇಳುವುದನ್ನು ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಆ ಜಾಗಕ್ಕೆ ರಿಪ್ ಕರೆಂಟ್ ಎನ್ನುತ್ತಾರೆ, ಸೆಳೆತ. ಎರಡೂ ಬದಿಯಲ್ಲಿ ಮರಳದಿಬ್ಬದ ಮೇಲೆ ಒಡೆದು ದಡಕ್ಕೆ ಬಂದ ನೀರು ವಾಪಸು ಹೋಗಲು ದಾರಿ ಬೇಕಲ್ಲ? ದಿಬ್ಬಗಳ ನಡುವಿನ ಆಳದ ಓಣಿಯೇ ಆ ದಾರಿ. ಆಳವಿರುವುದರಿಂದಲೇ ಅಲ್ಲಿ ಅಲೆ ಒಡೆಯುವುದಿಲ್ಲ. ಸಾಮಾನ್ಯವಾಗಿ ನಡಿಗೆಗಿಂತ ನಿಧಾನ ಇರುವ ಆ ಹರಿವು ಕೆಲವೊಮ್ಮೆ ಸೆಕೆಂಡಿಗೆ 2.5 ಮೀಟರ್ ತನಕ ಹೋಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ವಿಶ್ವದಾಖಲೆಯಾದದ್ದು 46.40 ಸೆಕೆಂಡಿನಲ್ಲಿ, ಸೆಕೆಂಡಿಗೆ ಸುಮಾರು 2.15 ಮೀಟರ್. ಅದರೆದುರು ಈಜಿ ಗೆಲ್ಲುವ ಮಾತೇ ಇಲ್ಲ.

ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಸಿಕ್ಕಿಕೊಂಡವರು ಸುಸ್ತಾಗುವುದು ದಡದ ಕಡೆ ಮುಖ ಮಾಡಿ ಹೋರಾಡುವುದರಿಂದ. ಅಂಗಾತ ತೇಲಬೇಕು, ಕೈಯೆತ್ತಿ ಕರೆಯಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಓಣಿಯಿಂದ ಆಚೆ ಬಂದು, ಅಲೆ ಒಡೆಯುವ ಕಡೆಯಿಂದ ವಾಪಸಾಗಬೇಕು. ದಡದಲ್ಲಿರುವವರು ಬರಿಗೈಲಿ ಧುಮುಕಬಾರದು. ತೇಲುವಂಥ ಏನನ್ನಾದರೂ ಎಸೆಯಬೇಕು. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳಿದ್ದರೆ ಅವುಗಳ ನಡುವೆ ಜೀವರಕ್ಷಕರ ಕಣ್ಣಿದೆ ಎಂದು ಅರ್ಥ, ಅಲ್ಲೇ ಇಳಿಯಿರಿ. ನಿಮ್ಮ ಶಾಂತ ತೀರದಲ್ಲಿ ಆ ಬಾವುಟ ಇಲ್ಲದಿರುವ ಸಂಭವವೇ ಹೆಚ್ಚು. ಅದು ಅಪಾಯವಿಲ್ಲ ಎಂಬ ಸೂಚನೆಯಲ್ಲ. ಆ ಪಾಳಿ ನಿಮ್ಮದು ಎಂಬ ಸೂಚನೆ. ಹೋದ ದಿನವೇ ಅಲ್ಲಿನ ಮೀನುಗಾರರನ್ನೋ ಮನೆಯ ಮಾಲೀಕರನ್ನೋ ಹಿಡಿದು, ನಿಮ್ಮ ಮಕ್ಕಳನ್ನು ಎಲ್ಲಿ ಇಳಿಸುತ್ತೀರಿ ಎಂದು ಕೇಳಿ. "ಎಲ್ಲಿ ಸುರಕ್ಷಿತ" ಎಂದು ಕೇಳಿದರೆ ಎಲ್ಲ ಕಡೆಯೂ ಪರವಾಗಿಲ್ಲ ಎಂಬ ಉತ್ತರ ಬರುತ್ತದೆ, ನಿಮ್ಮ ಮಕ್ಕಳು ಎಂದ ಕೂಡಲೇ ಬೆರಳು ಒಂದು ಜಾಗ ತೋರಿಸುತ್ತದೆ.

ಗಾಳಿಯೂ ಇದೇ ಮೋಸ ಮಾಡುತ್ತದೆ. ಬೆಳಗಿನ ಜಾವ ನೆಲ ತಣ್ಣಗಿರುವುದರಿಂದ ಎಷ್ಟೋ ಸಲ ಗಾಳಿ ನೆಲದಿಂದ ಕಡಲಿನ ಕಡೆ ಬೀಸುತ್ತದೆ, ಅಂಚಿನ ನೀರು ಕನ್ನಡಿಯ ಹಾಗೆ ಮಲಗಿರುತ್ತದೆ. ಗಾಳಿ ತುಂಬಿದ ಹಾಸಿಗೆ, ಬಾತುಕೋಳಿ, ಟ್ಯೂಬುಗಳನ್ನು ಮಕ್ಕಳ ಕೆಳಗಿನಿಂದ ಸದ್ದಿಲ್ಲದೆ ಒಳಕ್ಕೆ ಒಯ್ಯುವುದು ಆ ಗಾಳಿ. ಈಜುಕೊಳದ ಆಟಿಕೆ ಕಡಲಿಗಲ್ಲ, ಮನೆಯಲ್ಲೇ ಬಿಟ್ಟುಬನ್ನಿ.

ಮುಳುಗುವುದಕ್ಕೂ ಸದ್ದಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕೂಗುವವರಿಗೆ ಇನ್ನೂ ಉಸಿರಿದೆ. ನಿಜವಾಗಿ ಮುಳುಗುತ್ತಿರುವ ಮಗುವಿಗೆ ಉಸಿರೆಳೆಯುವುದಕ್ಕೇ ಬಿಡುವಿಲ್ಲ, ಕೂಗುವುದೆಲ್ಲಿಂದ? ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ಕೈಗಳು ಪಕ್ಕದಲ್ಲಿ ನೀರನ್ನು ಒತ್ತುತ್ತಿರುತ್ತವೆ, ದೂರಕ್ಕೆ ಮಗು ಸುಮ್ಮನೆ ನಿಂತ ಹಾಗೆ ಕಾಣುತ್ತದೆ. 20ರಿಂದ 60 ಸೆಕೆಂಡಿನಲ್ಲಿ ಅದೂ ಮುಗಿಯುತ್ತದೆ. ಆರು ಮಂದಿ ದೊಡ್ಡವರು ದಡದಲ್ಲಿ ಕೂತ ಕುಟುಂಬಗಳ ಬಗ್ಗೆಯೇ ನನಗೆ ಹೆಚ್ಚು ಭಯ, ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ನಾನು ಒಂದು ಹಳೆಯ ಟೋಪಿ ಕೊಂಡುಹೋಗಲು ಹೇಳುತ್ತೇನೆ. ಟೋಪಿ ಯಾರ ತಲೆಯ ಮೇಲಿದೆಯೋ ಅವರ ಕೈಗೆ ಫೋನಿಲ್ಲ, ಪುಸ್ತಕವಿಲ್ಲ, ಮಾತಿಲ್ಲ, ಕಣ್ಣು ಮಕ್ಕಳ ಮೇಲೆ. 20 ನಿಮಿಷಕ್ಕೆ ಟೋಪಿ ಇನ್ನೊಂದು ತಲೆಗೆ. ಐದು ವರ್ಷದೊಳಗಿನ ಮಗುವಾದರೆ ಟೋಪಿಯೂ ಸಾಲದು, ಕೈಚಾಚಿದರೆ ಸಿಗುವಷ್ಟು ಹತ್ತಿರ ನೀವು ನೀರಿನಲ್ಲೇ ಇರಬೇಕು. ಮಕ್ಕಳಿಗೆ ಉಡಿಸುವ ಬಟ್ಟೆ ಕಣ್ಣು ಕುಕ್ಕುವ ಕಿತ್ತಳೆಯೋ ಗುಲಾಬಿಯೋ ಆಗಿರಲಿ. ನೀಲಿ ಬಟ್ಟೆ ಫೋಟೋದಲ್ಲಿ ಚೆಂದ, ನೀರಿನಲ್ಲಿ ಕಾಣುವುದೇ ಇಲ್ಲ.

ಬಿಸಿಲಿನ ಬಗ್ಗೆ ಎಲ್ಲರಿಗೂ ಅರ್ಧ ಗೊತ್ತಿರುತ್ತದೆ. ಗೊತ್ತಿಲ್ಲದ ಅರ್ಧ ಇದು: ಒಣ ಮರಳು ಅತಿನೇರಳೆ ಕಿರಣದ ಸುಮಾರು 15 ಶೇಕಡಾ, ಕಡಲ ನೊರೆ ಸುಮಾರು 25 ಶೇಕಡಾ ವಾಪಸು ಎಸೆಯುತ್ತದೆ, ಹಾಗಾಗಿ ಕೊಡೆಯ ಕೆಳಗೆ ಕೂತವರೂ ಸುಡುತ್ತಾರೆ. ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ, ನೀರಿನಿಂದ ಬಂದಾಗಲೆಲ್ಲ ಹಚ್ಚಬೇಕು. ಆರು ತಿಂಗಳೊಳಗಿನ ಕೂಸಿಗೆ ಹಚ್ಚುವುದಕ್ಕಿಂತ ನೆರಳು, ತೆಳುವಾದ ತುಂಬುತೋಳಿನ ಬಟ್ಟೆ ಸರಿ. ಹೇಗೂ ಹತ್ತರಿಂದ ನಾಲ್ಕರ ತನಕ ಮನೆಯಲ್ಲಿ ಮಲಗುವುದೇ ರಜೆಯ ಒಳ್ಳೆಯ ಭಾಗ ಎಂದು ನನ್ನ ಅಭಿಪ್ರಾಯ. ಇಳಿತ ಮಧ್ಯಾಹ್ನಕ್ಕೆ ಬಂದ ದಿನ ಮಾತ್ರ ಟೋಪಿ, ತುಂಬುತೋಳು ಹಾಕಿಸಿ ಒಂದು ಗಂಟೆಯ ಮಟ್ಟಿಗೆ ಇಳಿಯಬಹುದು. ಮರಳಲ್ಲಿ ಗುಂಡಿ ತೋಡುವುದಕ್ಕೂ ಮಿತಿ ಹಾಕಿ: ಎಲ್ಲರಿಗಿಂತ ಚಿಕ್ಕ ಮಗುವಿನ ಮೊಣಕಾಲಿನಷ್ಟೇ ಆಳ. ಒಣ ಮರಳಿನ ಗೋಡೆ ಕುಸಿಯುವಾಗ ಮುನ್ಸೂಚನೆ ಕೊಡುವುದಿಲ್ಲ. ಏಳುವಾಗ ಗುಂಡಿ ಮುಚ್ಚಿಬನ್ನಿ.

ಇಷ್ಟು ಹೇಳಿದ ಮೇಲೂ "ಮೂರನೇ ದಿನದ ಕಾರ್ಯಕ್ರಮ ಬರೆದಿಲ್ಲವಲ್ಲ ಮೇಡಂ" ಎನ್ನುವವರಿರುತ್ತಾರೆ. ಅಂಥ ಮನೆಯಲ್ಲಿ ಎಂಟು ಹತ್ತು ವರ್ಷದ ಮಗುವಿದ್ದರೆ ನಾನು ಉಬ್ಬರವಿಳಿತದ ಪಟ್ಟಿಯನ್ನು ಆ ಮಗುವಿನ ಸುಪರ್ದಿಗೆ ಕೊಡಿಸುತ್ತೇನೆ. ದಿನಾ ಬೆಳಗ್ಗೆ ಅದನ್ನು ನೋಡಿ, ಇಳಿತದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಬೇಕು. ಊಟ, ನಿದ್ದೆ, ನಡಿಗೆ ಎಲ್ಲ ಆ ಚೀಟಿ ನೋಡಿಕೊಂಡು.

ಹೋದ ವರ್ಷ ಒಬ್ಬಳು ಹುಡುಗಿ ನಾಲ್ಕನೇ ದಿನ ಸಂಜೆ ಅಪ್ಪನ ಫೋನಿನಿಂದ ನನಗೇ ಕರೆ ಮಾಡಿದಳು. ಗಂಟು ಕಟ್ಟುವ ಸದ್ದು ಹಿಂದೆ ಕೇಳುತ್ತಿತ್ತು.

"ಆಂಟಿ, ನಾಳೆ ಸಂಜೆ ಐದು ಇಪ್ಪತ್ತಕ್ಕೆ ಇಳಿಯುತ್ತೆ," ಎಂದಳು. "ನಮ್ಮ ಗಾಡಿ ಹನ್ನೊಂದಕ್ಕೆ. ಆದ್ರೂ ಬರೆದು ಅಂಟಿಸಿದೀನಿ. ನಮ್ಮಾದ್ಮೇಲೆ ಬರೋರಿಗೆ ಬೇಕಾಗುತ್ತಲ್ವಾ?"