ಪಿಳ್ಳೆಗೆ ಕಾಳು ಆಮೇಲೆ, ಮೊದಲು ಕಾವು

ಜಾತ್ರೆಯಿಂದ ಪಕ್ಕದ್ಮನೆ ಹುಡುಗ ಎರಡು ಬಣ್ಣದ ಕೋಳಿಮರಿ ತಂದಿದ್ದ, ಒಂದು ಹಸಿರು, ಇನ್ನೊಂದು ಗುಲಾಬಿ. ಮಾರನೇ ದಿನ ಬೆಳಿಗ್ಗೇನೇ ಶೂ ಡಬ್ಬ ಹಿಡ್ಕೊಂಡು ಬಾಗಿಲಿಗೆ ಬಂದ, "ಅಂಕಲ್, ಹಸಿರುದು ಕಣ್ಣೇ ಬಿಡ್ತಿಲ್ಲ" ಅಂತ. ಡಬ್ಬದೊಳಗೆ ಇಣುಕಿದ್ರೆ ಕೆಳಗೆ ನ್ಯೂಸ್‌ಪೇಪರ್ರು, ಮೂಲೇಲಿ ಹಾಲಲ್ಲಿ ನೆನೆಸಿದ ಬ್ರೆಡ್ಡು, ಮುಚ್ಚಳಕ್ಕೆ ತೂತು ಮಾಡಿ ಇಳಿಬಿಟ್ಟ 9 ವ್ಯಾಟಿನ ಎಲ್‌ಇಡಿ ಬಲ್ಬು, ಮರಿ ಕಾಲಿಗೆ ದೃಷ್ಟಿ ತಾಗ್ದೇ ಇರ್ಲಿ ಅಂತ ಅವರಜ್ಜಿ ಕಟ್ಟಿದ ಕರೀ ದಾರ. ಪೇಪರ್ರು, ಹಾಲು, ಬಲ್ಬು ಮೂರೂ ಸೇರಿ ಮರೀನ ಸಾಯಿಸೋ ಹಾಗಿದ್ವು, ದಾರ ಪಾಪ ಏನೂ ಮಾಡಿರ್ಲಿಲ್ಲ.

ಎತ್ತಿ ಅಂಗೈ ಮೇಲೆ ಇಟ್ಕೊಂಡೆ. ಕಾಲು ತಣ್ಣಗೆ, ಫ್ರಿಜ್ಜಿಂದ ತೆಗೆದ ಬೆಂಡೆಕಾಯಿ ಥರ. ಹಿಂದಿನ ರಾತ್ರಿಯೆಲ್ಲ ಜೋರಾಗಿ ಕೂಗ್ತಿತ್ತಂತೆ, ಬೆಳಗಿನ ಜಾವ ಸುಮ್ಮನಾಯ್ತಂತೆ, ಮನೆಯವರು "ಸದ್ಯ ಹೊಂದ್ಕೊಳ್ತು" ಅಂದ್ಕೊಂಡ್ರಂತೆ. ಹೊಂದ್ಕೊಂಡಿರ್ಲಿಲ್ಲ, ಕೂಗೋಕೆ ಶಕ್ತಿ ಮುಗಿದಿತ್ತು.

ನಮ್ಮ ಜನಕ್ಕೆ ಯಾರಿಗೇ ಹುಷಾರಿಲ್ಲ ಅಂದ್ರೂ ಮೊದಲು ಹೊಳೆಯೋದು ತಿನ್ನಿಸೋದು. ಮರಿ ಸೊರಗಿದೆ ಅಂದ್ರೆ ನುಚ್ಚು ಹಾಕು, ಹಾಲು ಕುಡಿಸು, ಬಾಯಿ ತೆಗೆದು ಗಂಜಿ ಸುರಿ. ಮೊಟ್ಟೆ ಒಡ್ಕೊಂಡು ಹೊರಗೆ ಬಂದು ಒಂದೆರಡು ದಿನ ಆಗಿರೋ ಮರಿಗೆ ಹೊಟ್ಟೆಯ ಚಿಂತೆ ಅಷ್ಟಿರಲ್ಲ ಸ್ವಾಮಿ, ಅದರ ಮೊದಲ ಕಾಯಿಲೆ ಚಳಿ. ತಣ್ಣಗಾದ ಮರಿಗೆ ತಿನ್ನಿಸಿದ್ದು ಅರಗೋದೂ ಇಲ್ಲ, ಕತ್ತಿನ ಬುಡದ ಮೇವಿನ ಚೀಲದಲ್ಲೇ ಕೂತು ಹುಳಿಯಾಗತ್ತೆ.

ಯಾಕೆ ಅಷ್ಟು ಬೇಗ ತಣ್ಣಗಾಗತ್ತೆ? ಬಿಸಿ ಮುದ್ದೆ ತಟ್ಟೇಲಿ ಇಟ್ಟು ಫೋನಲ್ಲಿ ಮಾತಾಡಿ ಬನ್ನಿ, ಮುದ್ದೆ ಒಳಗಿನ್ನೂ ಕೈ ಸುಡತ್ತೆ, ಆದ್ರೆ ಮುರಿದಿಟ್ಟ ತುತ್ತು ಮಾತ್ರ ಆರಿ ತಣ್ಣಗಾಗಿರತ್ತೆ. ಹಿಟ್ಟು ಅದೇ, ನೀರು ಅದೇ, ಒಲೆ ಅದೇ. ಬಚ್ಚಲು ಹಂಡೆ ನೀರು ಮಧ್ಯಾಹ್ನದ ತನಕ ಬೆಚ್ಚಗಿರತ್ತೆ, ಅದೇ ನೀರು ಚೊಂಬಿಗೆ ತೆಗೆದಿಟ್ರೆ ಸೋಪು ಹಚ್ಕೊಳ್ಳೋದ್ರೊಳಗೆ ತಣ್ಣಗೆ. ಬಿಸಿ ಇರೋದು ಒಳಗಿನ ಗಾತ್ರದಲ್ಲಿ, ಹೋಗೋದು ಹೊರಗಿನ ಮೈಯಿಂದ, ವಸ್ತು ಚಿಕ್ಕದಾದಷ್ಟೂ ಒಳಗು ಕಮ್ಮಿ, ಹೊರಗು ಜಾಸ್ತಿ. 40 ಗ್ರಾಂ ಮರಿಗೂ 2 ಕೆಜಿ ಹೇಟೆಗೂ ಲೆಕ್ಕ ಹಾಕಿ ನೋಡಿ, ಪ್ರತಿ ಗ್ರಾಂ ತೂಕಕ್ಕೆ ಮರಿಯ ಹೊರಮೈ ಹೆಚ್ಚೂಕಮ್ಮಿ ಮೂರೂವರೆ ಪಟ್ಟು ಜಾಸ್ತಿ ಬರತ್ತೆ. ಮೇಲಿರೋದು ಗರಿ ಅಲ್ಲ, ಹತ್ತಿಯಂಥ ನವಿರು ತುಪ್ಪಳ, ಒದ್ದೆಯಾದ್ರೆ ಅದೂ ಇಲ್ಲ. ಮೈ ಬಿಸಿ ತಾನೇ ಕಾಪಾಡ್ಕೊಳ್ಳೋ ಶಕ್ತಿ ಪೂರ್ತಿ ಬರೋಕೆ ಇನ್ನೂ ಹತ್ತು ಹದಿನೈದು ದಿನ ಬೇಕು. ಅಲ್ಲೀವರೆಗೂ ಅದಕ್ಕೆ ಅಮ್ಮನ ಹೊಟ್ಟೇನೇ ಹೀಟರ್ರು. ಕಾವಿಗೆ ಕೂತ ಹೇಟೆಯ ಹೊಟ್ಟೆ ಅಡಿ ನೋಡಿದೀರಾ? ಪುಕ್ಕ ಉದುರಿ ಬರೀ ಚರ್ಮ ಇರತ್ತೆ, ರಕ್ತನಾಳ ತುಂಬ್ಕೊಂಡು ಬಿಸಿ ಬಿಸಿ. ಹೇಟೆ ಮೈ 41 ಡಿಗ್ರಿ, ನಮಗೆ ಬಂದ್ರೆ ಆಸ್ಪತ್ರೆ ಸೇರಿಸೋ ಜ್ವರ.

ಜಾತ್ರೆ ಮರಿಗೆ ಆ ಅಮ್ಮ ಯಾವತ್ತೂ ಇರಲ್ಲ. ಇವು ಮೊಟ್ಟೆಕೋಳಿ ತಳಿಯ ಗಂಡುಮರಿಗಳು, ಮೊಟ್ಟೆ ಇಡಲ್ಲ, ಮಾಂಸವೂ ಬೇಗ ಕಟ್ಟಲ್ಲ, ಹ್ಯಾಚರಿಗೆ ಬೇಡದವು. ಬಣ್ಣ ಹಾಕಿದ್ರೆ ಮಕ್ಕಳಿಗೆ ಮಾರಬಹುದು.

ಊಟದ ಚಿಂತೆ ಅಷ್ಟಿರಲ್ಲ ಅಂದೆನಲ್ಲ, ನಂಗೆ ತುಂಬ ಇಷ್ಟದ ವಿಷಯ ಇದು. ಕಾವು ಶುರುವಾದ 21ನೇ ದಿನಕ್ಕೆ ಮರಿ ಹೊರಗೆ ಬರತ್ತೆ, ಅದಕ್ಕೆ ಒಂದೆರಡು ದಿನ ಮುಂಚೆ ಮಿಕ್ಕ ಹಳದಿಯನ್ನೆಲ್ಲ ಚೀಲದ ಸಮೇತ ಹೊಕ್ಕುಳಿಂದ ಹೊಟ್ಟೆಯೊಳಗೆ ಎಳ್ಕೊಂಡು ಬಿಡತ್ತೆ. ದೂರದ ಬಸ್ಸು ಹತ್ತೋ ಮಗನಿಗೆ ಅಮ್ಮ ಕಟ್ಟಿಕೊಡೋ ಬುತ್ತಿ ಅದು, ಈ ಮಗ ಮಾತ್ರ ಬುತ್ತೀನ ಬ್ಯಾಗಲ್ಲಿಡದೇ ನುಂಗ್ಕೊಂಡೇ ಬಸ್ಸು ಹತ್ತುತ್ತಾನೆ. ಎರಡು ಮೂರು ದಿನಕ್ಕಾಗೋ ಕೊಬ್ಬು, ಪ್ರೋಟೀನು, ಜೊತೆಗೆ ತಾಯಿಕೋಳಿಯ ರೋಗನಿರೋಧಕ ಕಣಗಳು, ಅಂದ್ರೆ ಬುತ್ತಿ ಜೊತೆ ಔಷಧಿ ಡಬ್ಬಿ. ಇದೇ ಧೈರ್ಯದ ಮೇಲೆ ಅಮೆರಿಕದ ಅಂಚೆ ಇಲಾಖೆ 1918ರಿಂದ ಒಂದು ದಿನದ ಮರಿಗಳನ್ನ ಪಾರ್ಸೆಲ್ಲಲ್ಲಿ ಕಳಿಸ್ತಾ ಬಂದಿದೆ, ತೂತಿರೋ ರಟ್ಟಿನ ಡಬ್ಬಿ, ಒಳಗೆ ಕಾಳೂ ಇಲ್ಲ ನೀರೂ ಇಲ್ಲ. ಆದ್ರೆ ಮರಿ ಚಳಿ ಹಿಡಿದು ಸೊರಗಿದ್ರೆ ಈ ಬುತ್ತಿ ಕರಗೋದೂ ನಿಧಾನ ಆಗತ್ತೆ. ಒಳಗಡೆ ಊಟ ಇಟ್ಕೊಂಡೇ ಉಪವಾಸ.

ಹಾಗಾಗಿ ನಾನು ಮೊದಲು ಮಾಡಿದ್ದು ಬಲ್ಬು ಬದಲಾಯಿಸಿದ್ದು. ಎಲ್‌ಇಡಿ ಬಲ್ಬು ಇರೋದೇ ಕಮ್ಮಿ ಕರೆಂಟಲ್ಲಿ ಬೆಳಕು ಕೊಡೋಕೆ, ಅದರ ಅಡಿ ಮರಿ ಇಟ್ರೆ ಚಳೀಲಿ ನಡುಗೋದು ಚೆನ್ನಾಗಿ ಕಾಣತ್ತೆ ಅಷ್ಟೇ. ಹಳೇ 60 ವ್ಯಾಟಿನ ಬುರುಡೆ ಬಲ್ಬು ಬೆಳಕಿನ ಲೆಕ್ಕದಲ್ಲಿ ದಂಡ, 90 ಪರ್ಸೆಂಟಿಗೂ ಜಾಸ್ತಿ ಕರೆಂಟು ಶಾಖಕ್ಕೇ ಹೋಗತ್ತೆ, ನಮಗೆ ಬೇಕಾಗಿದ್ದೂ ಆ ದಂಡವೇ. ಅಟ್ಟದ ಮೇಲೆ ಒಂದು ಸಿಕ್ತು. ದೊಡ್ಡ ರಟ್ಟಿನ ಡಬ್ಬದ ಒಂದು ತುದೀಲಿ ಮಾತ್ರ ಅದನ್ನ ಕಟ್ಟಿದ್ವಿ, ಇನ್ನೊಂದು ತುದಿ ತಂಪಾಗಿರ್ಲಿ, ಬಿಸಿ ಜಾಸ್ತಿ ಆದ್ರೆ ಮರಿ ಆ ಕಡೆ ಹೋಗ್ಬೇಕು. ಮೊದಲ ವಾರ ಬಲ್ಬಿನ ಅಡಿ 35 ಡಿಗ್ರಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸ್ತಾ ಬನ್ನಿ. ಥರ್ಮಾಮೀಟರ್ ಇಲ್ವಾ, ಮರೀನೇ ನೋಡಿ. ಬಲ್ಬಿನ ಅಡಿ ಒತ್ತೊತ್ತಾಗಿ ಕೂತು ಕಿರುಚಿದ್ರೆ ಚಳಿ, ದೂರ ಹೋಗಿ ಬಾಯಿ ತೆರ್ಕೊಂಡು ಏದುಸಿರು ಬಿಟ್ರೆ ಸೆಕೆ. ಕರೆಂಟು ಹೋದ್ರೆ ಬಿಸಿನೀರು ಬಾಟ್ಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ.

ಪೇಪರ್ ತೆಗೆದು ಗೋಣಿತಾಟು ಹಾಸಿದ್ವಿ, ಜಾರೋ ನೆಲದಲ್ಲಿ ಕಾಲು ಎರಡೂ ಕಡೆ ಸರಿದು ಹಾಗೇ ಸೊಟ್ಟಗಾಗಿಬಿಡತ್ತೆ. ಹಾಲಿನ ಬ್ರೆಡ್ಡು ತಿಪ್ಪೆಗೆ ಹೋಯ್ತು, ಹಾಲಿನ ಸಕ್ಕರೆ ಅರಗಿಸೋ ಕಿಣ್ವ ಕೋಳಿಗಿಲ್ಲ, ಭೇದಿ ಆಗತ್ತೆ.

ಮುಕ್ಕಾಲು ಗಂಟೆ ಆದ್ಮೇಲೆ ಹಸಿರು ಮರಿ ಕಣ್ಣು ಬಿಡ್ತು, ಕಾಲು ಬೆಚ್ಚಗಾಯ್ತು. ಆಗ ನೀರು. ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಬೆಲ್ಲ ಹಾಕಿ ಕೊಕ್ಕಿನ ತುದಿ ಮಾತ್ರ ಅದ್ದಬೇಕು. ಫಿಲ್ಲರಲ್ಲಿ ಬಾಯೊಳಗೆ ಬಿಡಬೇಡಿ, ಉಸಿರಿನ ಕೊಳವೆ ಬಾಯಿ ನಾಲಿಗೆ ಬುಡದಲ್ಲೇ ಇರತ್ತೆ, ಒಂದು ಹನಿ ದಾರಿ ತಪ್ಪಿದ್ರೆ ಪುಪ್ಪುಸಕ್ಕೆ. ಆಮೇಲೆ ತಿರುಗಿಸಿ ಹಿಂದೆ ನೋಡಿದ್ರೆ ಹಿಕ್ಕೆ ಒಣಗಿ ಸಿಮೆಂಟ್ ಥರ ಅಂಟಿತ್ತು, ಹೊರಗೆ ಹೋಗೋ ದಾರೀನೇ ಬಂದ್. ಕೀಳಬಾರದು, ಚರ್ಮ ಕಿತ್ಕೊಂಡು ಬರತ್ತೆ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಟ್ಟು ಇಟ್ಟು ನೆನೆಸಿ ಬಿಡಿಸಿ, ಒರೆಸಿ, ತಕ್ಷಣ ಬಲ್ಬಿನ ಅಡಿ. ಹುಡುಗನ ಕೈ ಸೋಪಲ್ಲಿ ತೊಳೆಸಿದೆ, ಮರಿಗಳ ಹಿಕ್ಕೇಲಿ ಸಾಲ್ಮೊನೆಲ್ಲಾ ಅನ್ನೋ, ನಮಗೂ ಭೇದಿ ಹಿಡಿಸೋ ಬ್ಯಾಕ್ಟೀರಿಯಾ ಇರಬಹುದು.

ಅಷ್ಟರಲ್ಲಿ ಅಜ್ಜಿ ಬಂದ್ರು. ಅವರ ತವರಲ್ಲಿ ಒಂದ್ಸಲ ಮರಿಗಳೆಲ್ಲ ಕತ್ತು ಹಿಂದಕ್ಕೆ ತಿರುಚಿ ಆಕಾಶ ನೋಡ್ತಾ ಬಿದ್ದಿದ್ವಂತೆ, ಗಾಳಿ ಸೋಕಿತ್ತು ಅಂದ್ರು. ನಂಗೆ ತಡ್ಕೊಳ್ಳೋಕಾಗ್ಲಿಲ್ಲ, ಐಕ್ಮನ್ ಕಥೆ ಶುರು ಮಾಡ್ದೆ. ಈಗಿನ ಜಕಾರ್ತದಲ್ಲಿ, ಆಗ ಬಟಾವಿಯಾ, ಕ್ರಿಸ್ಟಿಯಾನ್ ಐಕ್ಮನ್ ಅಂತ ಡಚ್ ಡಾಕ್ಟ್ರು 1890ರ ಆಸುಪಾಸು ಬೆರಿಬೆರಿಗೆ, ಅಂದ್ರೆ ನರ ಸೋತು ಕೈಕಾಲು ಬಿದ್ದುಹೋಗೋ ಕಾಯಿಲೆಗೆ, ಕ್ರಿಮಿ ಹುಡುಕ್ತಾ ಇದ್ರು. ಲ್ಯಾಬಿನ ಕೋಳಿಗಳೆಲ್ಲ ಕಾಲು ಬಿದ್ದು ಒದ್ದಾಡೋಕೆ ಶುರುವಾದ್ವು, ಕೆಲವು ತಿಂಗಳಾದ್ಮೇಲೆ ತಾವೇ ಸರಿಹೋದ್ವು. ವಿಚಾರಿಸಿದ್ರೆ ಅಷ್ಟು ದಿನ ಕೋಳಿಗೆ ಹಾಕ್ತಿದ್ದದ್ದು ಮಿಲಿಟರಿ ಆಸ್ಪತ್ರೆಯ ಮಿಕ್ಕ ಬಿಳೀ ಅನ್ನ, ಹೊಸ ಅಡುಗೆಯವನು ಬಂದವನು ಮಿಲಿಟರಿ ಅನ್ನ ಸಿವಿಲ್ ಕೋಳಿಗೆ ಕೊಡಲ್ಲ ಅಂದುಬಿಟ್ಟಿದ್ದ, ಆಮೇಲೆ ಅವಕ್ಕೆ ಸಿಕ್ಕಿದ್ದು ತೌಡು ತೆಗೆಯದ ಅಕ್ಕಿ! ಐಕ್ಮನ್ ಅಕ್ಕೀಲಿ ವಿಷ ಇದೆ, ತೌಡು ಅದಕ್ಕೆ ಮದ್ದು ಅಂದ್ಕೊಂಡ್ರು. ವಿಷ ಅಲ್ಲ, ತೌಡಿನ ಜೊತೆ ಹೋಗ್ತಿರೋ ಏನೋ ಒಂದರ ಕೊರತೆ ಅಂತ 1901ರಲ್ಲಿ ಹೇಳಿದ್ದು ಅವರ ಕೆಲಸ ಮುಂದುವರಿಸಿದ ಡಾಕ್ಟ್ರು ಗೆರಿಟ್ ಗ್ರೈನ್ಸ್. ಅದೇ ಈಗಿನ ಬಿ1 ವಿಟಮಿನ್ನು. 1929ರ ನೊಬೆಲ್ ಹೋಗಿದ್ದು ಮಾತ್ರ ಐಕ್ಮನ್‌ಗೆ, ಹಾಪ್ಕಿನ್ಸ್ ಅನ್ನೋ ಇಂಗ್ಲಿಷ್ ವಿಜ್ಞಾನಿ ಜೊತೆ. ಬರೀ ಪಾಲಿಶ್ ಅಕ್ಕಿ ನುಚ್ಚು ತಿಂದು ಬೆಳೆಯೋ ಮರಿಗೆ ಈಗಲೂ ಹೀಗಾಗಬಹುದು. ಕತ್ತು ತಿರುಚೋದು ಕೋಳಿಗೆ ಬರೋ ಕೊಕ್ಕರೆ ರೋಗದಲ್ಲೂ (ರಾಣಿಖೇತ್) ಇದೆ, ಅದು ವೈರಸ್ಸು, ಮದ್ದಿಲ್ಲ, ಮೊದಲ ವಾರದಲ್ಲೇ ಲಸಿಕೆ ಹಾಕಿಸ್ಬೇಕು.

ಅಜ್ಜಿ ಪೂರ್ತಿ ಕೇಳಿ "ತೌಡು ನಾವು ಎಮ್ಮೆಗೆ ಹಾಕ್ತಿದ್ವಿ" ಅಂದ್ರು.

ಈ ಗಲಾಟೇಲಿ ಚುರುಕಾಗಿದ್ದ ಗುಲಾಬಿ ಮರೀನ ಯಾರೂ ನೋಡಿರ್ಲಿಲ್ಲ. ಸಂಜೆ ಎತ್ತಿದ್ರೆ ಹೊಟ್ಟೆ ಉಬ್ಬಿ ಮೆತ್ತಗೆ, ಹೊಕ್ಕುಳ ಮುಚ್ಚದೇ ಒದ್ದೆಯಾಗಿ ಕೆಟ್ಟ ವಾಸನೆ. ಬುತ್ತಿ ಒಳಗೆ ಎಳ್ಕೊಂಡ ಬಾಗಿಲು ಸರಿಯಾಗಿ ಮುಚ್ಚೋ ಮೊದಲೇ ಬ್ಯಾಕ್ಟೀರಿಯಾ ನುಗ್ಗಿರತ್ತೆ, ಹಳದಿ ಅವಕ್ಕೂ ಮೃಷ್ಟಾನ್ನ. ದನದ ಆಸ್ಪತ್ರೆ ಡಾಕ್ಟ್ರು ನೋಡಿ ಈ ಹಂತದಲ್ಲಿ ಉಳಿಯೋದು ಕಷ್ಟ ಅಂದ್ರು. ಬೇರೆ ಡಬ್ಬದಲ್ಲಿ ಬೆಚ್ಚಗೆ ಇಟ್ವಿ, ರಾತ್ರಿ ಹೋಯ್ತು.

ಹಸಿರುದಕ್ಕೆ ಈಗ ಆರು ವಾರ. ಹಸಿರೆಲ್ಲ ಉದುರಿ ಬಿಳೀ ಗರಿ ಬಂದಿದೆ, ಕರೀ ದಾರ ಕಾಲಿಗೆ ಬಿಗೀತಿತ್ತು, ಅಜ್ಜೀನೇ ಕತ್ತರೀಲಿ ಕತ್ತರಿಸಿದ್ರು.