ಕೂಸು ಹುಟ್ಟುವ ಮುಂಚೆ ಕುಲಾವಿಗೆ ಮಾರ್ಕ್ಸ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎರಡು ತಂಡಗಳು ಒಂದು ಅದಲುಬದಲು ಮಾಡಿಕೊಂಡರೆ ಸಾಕು, ಸಂಜೆಯೊಳಗೆ ಮಾರ್ಕ್ಸ್ ಕಾರ್ಡ್ ಬಂದಿರುತ್ತದೆ. ಈ ತಂಡಕ್ಕೆ ಎ ಪ್ಲಸ್, ಆ ತಂಡಕ್ಕೆ ಸಿ ಮೈನಸ್. ಕೈ ಬದಲಾಯಿಸಿದ್ದರಲ್ಲಿ ಅರ್ಧ ಭಾಗ ಎರಡು ವರ್ಷ ಕಳೆದು ಕಾಲೇಜಿನಿಂದ ಹೊರಬರುವ, ಇವತ್ತು ಹೆಸರೂ ಗೊತ್ತಿಲ್ಲದ ಯಾವನೋ ಹುಡುಗನನ್ನು ಆರಿಸಿಕೊಳ್ಳುವ ಹಕ್ಕು. ಅದಕ್ಕೂ ಮಾರ್ಕ್ಸ್! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮಗೆ ಗೊತ್ತು. ಇವರು ಹೊಲಿಗೆ ಹೇಗಿದೆ ಅಂತ ತೀರ್ಪನ್ನೂ ಕೊಟ್ಟುಬಿಡುತ್ತಾರೆ.

ಹಾಗಾದರೆ ಇಂಥ ವ್ಯಾಪಾರವನ್ನು ಅಳೆಯುವುದು ಹೇಗೆ? ಶಿಕಾಗೋ ಬೇರ್ಸ್ ತಂಡವನ್ನೇ ನೋಡೋಣ. 2022ರಲ್ಲಿ ಅಲ್ಲಿಗೆ ಜನರಲ್ ಮ್ಯಾನೇಜರ್ ಆಗಿ ಬಂದ ರಯಾನ್ ಪೋಲ್ಸ್ ಎರಡು ವರ್ಷಗಳಲ್ಲಿ ಒಂದು ಭಾರೀ ಲಾಭದ ವ್ಯಾಪಾರ ಮಾಡಿದರು, ಒಂದು ಪೂರ್ತಿ ನಷ್ಟದ್ದನ್ನೂ ಮಾಡಿದರು. ಎರಡರ ಒಳಗಿನ ಲೆಕ್ಕ ಒಂದೇ. ಅದೇ ಮಜಾ.

ಐಪಿಎಲ್ ಹರಾಜು ನೋಡಿದವರಿಗೆ ಒಂದು ಮಾತು. ಇಲ್ಲಿ ಹರಾಜು ಇಲ್ಲ, ಸರದಿ ಇದೆ. 32 ತಂಡ, 7 ಸುತ್ತು. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರು ಮೊದಲು ಆರಿಸುತ್ತಾರೆ. ಆ ಸರದಿಗೆ ಪಿಕ್ ಅಂತ ಹೆಸರು. ಅದನ್ನು ಮಾರಬಹುದು, ಮುಂದಿನ ವರ್ಷದ್ದನ್ನು ಈಗಲೇ ಕೊಟ್ಟುಬಿಡಲೂಬಹುದು.

ಪಿಕ್‌ಗೆ ಬೆಲೆ ಕಟ್ಟಿದವರು 1991ರಲ್ಲಿ ಡಲ್ಲಾಸ್ ಕೌಬಾಯ್ಸ್‌ನವರು. ತಂಡದಲ್ಲಿ ಪಾಲಿದ್ದ ಎಂಜಿನಿಯರ್ ಮೈಕ್ ಮೆಕಾಯ್ ಒಂದು ಕೋಷ್ಟಕ ಮಾಡಿದರು. ಹೆಸರು ಮಾತ್ರ ಕೋಚ್ ಜಿಮ್ಮಿ ಜಾನ್ಸನ್‌ಗೆ ಅಂಟಿಕೊಂಡಿತು. ಮೊದಲ ಪಿಕ್‌ಗೆ 3000 ಅಂಕ, ಎರಡನೆಯದಕ್ಕೆ 2600, ಹತ್ತನೆಯದಕ್ಕೆ 1300, ಹೀಗೆ ಇಳಿಯುತ್ತಾ ಹೋಗುತ್ತದೆ. ಆದರೆ ಮೆಕಾಯ್ ನೋಡಿದ್ದು ಹಳೆಯ ವ್ಯಾಪಾರಗಳನ್ನು, ಯಾರು ಏನು ಕೊಟ್ಟು ಏನು ತಗೊಂಡರು ಅನ್ನುವುದನ್ನು. ಸಬ್ ರಿಜಿಸ್ಟ್ರಾರ್ ಆಫೀಸಿನ ಹಳೇ ಕ್ರಯಪತ್ರ ತೆಗೆದು ಹೊಲದ ಬೆಲೆ ಹೇಳಿದ ಹಾಗೆ ಇದು. ಎಷ್ಟಕ್ಕೆ ಹೋಯಿತು ಅಂತ ತಿಳಿಯುತ್ತದೆ, ಎಷ್ಟು ಮೂಟೆ ರಾಗಿ ಬೆಳೆಯುತ್ತದೆ ಅಂತ ತಿಳಿಯುವುದಿಲ್ಲ.

ರಾಗಿ ಅಳೆಯಲು ಹೊರಟವರು ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್. ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆಟಗಾರ ಕೊಟ್ಟ ಆಟದ ಬೆಲೆಯಲ್ಲಿ ಅವನ ಸಂಬಳ ಕಳೆದರೆ ಉಳಿಯುವುದೆಷ್ಟು ಅಂತ ಅವರು ಲೆಕ್ಕ ಹಾಕಿದರು. ಆ ಉಳಿತಾಯ ಹೆಚ್ಚಾಗಿ ಸಿಕ್ಕಿದ್ದು ಮೊದಲ ಪಿಕ್‌ನಲ್ಲಲ್ಲ, ಎರಡನೇ ಸುತ್ತಿನ ಆರಂಭದಲ್ಲಿ. ಇನ್ನೊಂದು ಸಂಗತಿ ನನಗೆ ಇನ್ನೂ ರುಚಿಸಿತು: ಒಂದೇ ಜಾಗದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆರಿಸಿದವನು ಅವನ ನಂತರದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ಶೇ. 52 ಅಷ್ಟೇ. ನಾಣ್ಯ ಚಿಮ್ಮಿಸುವುದಕ್ಕಿಂತ ಒಂದು ಕೂದಲೆಳೆ ಮೇಲು. (2011ರಲ್ಲಿ ಹೊಸಬರ ಸಂಬಳಕ್ಕೆ ಮಿತಿ ಬಂದ ಮೇಲೆ ಮೊದಲ ಪಿಕ್ ಅಗ್ಗವಾಯಿತು, ಅದೂ ನಿಜ. 2010ರಲ್ಲಿ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಖಾತರಿ ಹಣವೇ 5 ಕೋಟಿ ಡಾಲರ್. ಮರುವರ್ಷ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಒಟ್ಟು 2.2 ಕೋಟಿ.)

ಈಗ ಆ ದೊಡ್ಡ ವ್ಯಾಪಾರ. 2023ರ ಮಾರ್ಚ್‌ನಲ್ಲಿ ಬೇರ್ಸ್ ತಮ್ಮ ಕೈಲಿದ್ದ, ಆ ವರ್ಷದ ಒಟ್ಟಾರೆ ಮೊದಲ ಪಿಕ್ ಅನ್ನು ಕ್ಯಾರೊಲಿನಾ ಪ್ಯಾಂಥರ್ಸ್‌ಗೆ ಕೊಟ್ಟರು. ಬದಲಿಗೆ ಸಿಕ್ಕಿದ್ದು ಆ ವರ್ಷದ 9 ಮತ್ತು 61ನೇ ಪಿಕ್, 2024ರ ಮೊದಲ ಸುತ್ತಿನ ಪಿಕ್, 2025ರ ಎರಡನೇ ಸುತ್ತಿನದು, ಜೊತೆಗೆ ಡಿ.ಜೆ. ಮೂರ್ ಅನ್ನುವ ಒಳ್ಳೆಯ ರಿಸೀವರ್, ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವವನು.

ಕೋಷ್ಟಕ ಹಿಡಿದು ಕೂಡೋಣ. 9ನೆಯದು 1350, 61ನೆಯದು 292, ಒಟ್ಟು 1642. ಮುಂದಿನ ವರ್ಷದ ಪಿಕ್‌ಗೆ ಒಂದು ಸುತ್ತು ಇಳಿಸಿ ಬೆಲೆ ಕಟ್ಟುವುದು ಹಳೇ ರೂಢಿ. ಹಾಗಾಗಿ 2024ರ ಮೊದಲ ಸುತ್ತಿನದು ಈ ವರ್ಷದ ಎರಡನೇ ಸುತ್ತಿನ ನಡುವಿಗೆ ಸಮ, ಅಂದರೆ ಸುಮಾರು 420. 2025ರದ್ದು ಎರಡು ಸುತ್ತು ಇಳಿದು 70ರ ಆಸುಪಾಸು. 3000 ಮುಟ್ಟಲು ಉಳಿದ 868 ಅಂಕ ಮೂರ್ ತಲೆಗೆ. ಅಂದರೆ ಅವನ ಬೆಲೆ ಹೆಚ್ಚುಕಡಿಮೆ 19ನೇ ಪಿಕ್. ಸರಿಯಾದ ಬೆಲೆಯೇ. ಆವತ್ತಿನ ಮಟ್ಟಿಗೆ ಯಾರೂ ಯಾರಿಗೂ ಟೋಪಿ ಹಾಕಿರಲಿಲ್ಲ.

ಆದರೆ ಈ ಕೂಡುವ ಲೆಕ್ಕದಲ್ಲೇ ಒಂದು ತೂತಿದೆ. ಐದೂ ವಸ್ತುಗಳು ಒಂದಕ್ಕೊಂದು ಸಂಬಂಧವಿಲ್ಲದವು ಅಂತ ಅದು ನಂಬಿಕೊಂಡಿದೆ. ಸಂಬಂಧ ಇತ್ತು ಅಲ್ವಾ? ಪ್ಯಾಂಥರ್ಸ್ ಬ್ರೈಸ್ ಯಂಗ್ ಎಂಬ, ಚೆಂಡು ಎಸೆದು ಆಟ ನಡೆಸುವ ಹೊಸ ಕ್ವಾರ್ಟರ್‌ಬ್ಯಾಕ್‌ನನ್ನು ತಂದರು, ಅವನು ಎಸೆದ ಚೆಂಡನ್ನು ಹಿಡಿಯಬೇಕಿದ್ದ ತಮ್ಮ ಅತ್ಯುತ್ತಮ ಆಟಗಾರನನ್ನು ಅವನಿಗಾಗಿಯೇ ಮಾರಿ ಬಂದಿದ್ದರು. ಎತ್ತು ಮಾರಿ ನೇಗಿಲು ತಂದ ಕಥೆ. ಮೂರ್ ಹೋದಷ್ಟೂ ತಂಡ ಬಡವಾಗುತ್ತದೆ, ತಂಡ ಸೋತಷ್ಟೂ ಅದು ಮೊದಲೇ ಬರೆದುಕೊಟ್ಟ 2024ರ ಪಿಕ್ ಮೇಲೇರುತ್ತದೆ, ಮೇಲೇರಿದ ಆ ಪಿಕ್ ಹೋಗುವುದು ಶಿಕಾಗೋಗೆ. ಪ್ಯಾಂಥರ್ಸ್ ಆ ಸಲ 17ರಲ್ಲಿ ಎರಡೇ ಪಂದ್ಯ ಗೆದ್ದರು. ಮೂರ್ ಶಿಕಾಗೋದಲ್ಲಿ 1364 ಗಜ ಗಳಿಸಿದ. 420 ಅಂಕ ಅಂತ ಬರೆದಿಟ್ಟ ಪಿಕ್ 2024ರ ಮೊದಲ ಪಿಕ್ಕೇ ಆಯಿತು, 3000. ಬೇರ್ಸ್ ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್‌ನನ್ನು ಆರಿಸಿದರು.

ಪೋಲ್ಸ್ ಜಾಣರು ಅಂತ ಇಲ್ಲಿಗೇ ಚಪ್ಪಾಳೆ ತಟ್ಟಬಹುದಿತ್ತು. ಆದರೆ 2022ರ ನವೆಂಬರ್‌ಗೆ ಹೋಗಿ. ಬೇರ್ಸ್ 8 ಪಂದ್ಯಗಳಲ್ಲಿ 3 ಗೆದ್ದಿದ್ದರು. ಪೋಲ್ಸ್ ತಮ್ಮದೇ ಮುಂದಿನ ವರ್ಷದ ಎರಡನೇ ಸುತ್ತಿನ ಪಿಕ್ ಕೊಟ್ಟು ಪಿಟ್ಸ್‌ಬರ್ಗ್‌ನಿಂದ ಚೇಸ್ ಕ್ಲೇಪೂಲ್ ಎಂಬ ರಿಸೀವರ್‌ನನ್ನು ತಂದರು. ಆಮೇಲೆ ಉಳಿದ 9ಕ್ಕೆ 9 ಪಂದ್ಯ ಸೋತರು. ಕೊಟ್ಟ ಪಿಕ್ ಏರಿ ಏರಿ ಎರಡನೇ ಸುತ್ತಿನ ಮೊದಲನೆಯದೇ ಆಯಿತು. ಮ್ಯಾಸಿ, ಥೇಲರ್ ಹೇಳಿದ ಚಿನ್ನದಂಥ ಜಾಗ ಅದೇ! ಕ್ಲೇಪೂಲ್ 10 ಪಂದ್ಯಗಳಲ್ಲಿ 18 ಚೆಂಡು ಹಿಡಿದು, ಮರುವರ್ಷ ಅಕ್ಟೋಬರ್‌ನಲ್ಲಿ ಕವಡೆ ಕಿಮ್ಮತ್ತಿಗೆ ಮಯಾಮಿಗೆ ಹೋದ. ಅಂದರೆ ಪ್ಯಾಂಥರ್ಸ್ ಮಾಡಿದ ತಪ್ಪನ್ನೇ, ನಾಲ್ಕು ತಿಂಗಳು ಮೊದಲು, ಚಿಕ್ಕ ಮೊತ್ತದಲ್ಲಿ ಪೋಲ್ಸ್ ಮಾಡಿದ್ದರು: ನಮ್ಮ ತಂಡ ಇಷ್ಟು ಕೆಡುವುದಿಲ್ಲ ಅಂತ ನಂಬಿ ನಮ್ಮದೇ ಪಿಕ್ ಕೊಡುವುದು.

ಇನ್ನು ಅದೃಷ್ಟ. ಆ ಮೊದಲ ಪಿಕ್ ಶಿಕಾಗೋ ಕೈಗೆ ಬಂದದ್ದೇ ಹೇಗೆ ಗೊತ್ತಾ? 2023ರ ಜನವರಿ 8, ಲೀಗ್‌ನ ಕೊನೆಯ ಭಾನುವಾರ. ಹ್ಯೂಸ್ಟನ್ ಟೆಕ್ಸನ್ಸ್ ಸೋತಿದ್ದರೆ ಮೊದಲ ಪಿಕ್ ಅವರದ್ದು. ಕೊನೆಯ ನಿಮಿಷ, ನಾಲ್ಕನೇ ಮತ್ತು ಕಡೆಯ ಯತ್ನ, ಚೆಂಡು ಕೈಯಲ್ಲಿ ಉಳಿಯಲು ಬೇಕಿದ್ದದ್ದು 20 ಗಜ. ಡೇವಿಸ್ ಮಿಲ್ಸ್ ಎಸೆದ, ಜೋರ್ಡನ್ ಏಕಿನ್ಸ್ ಹಿಡಿದ, ಟಚ್‌ಡೌನ್. ಮೇಲೆ ಎರಡು ಅಂಕ ಬೇರೆ. 32-31ಕ್ಕೆ ಗೆದ್ದು ಟೆಕ್ಸನ್ಸ್ ಮೊದಲ ಪಿಕ್ ಕಳಕೊಂಡರು. ಅವರ ಕೋಚ್ ಲವ್ವಿ ಸ್ಮಿತ್, ಹಿಂದೆ ಒಂಬತ್ತು ವರ್ಷ ಶಿಕಾಗೋ ಕೋಚ್ ಆಗಿದ್ದವರು. ಹಳೇ ತಂಡಕ್ಕೆ ಉಡುಗೊರೆ ಕೊಟ್ಟ ರಾತ್ರಿಯೇ ಅವರ ಕೆಲಸ ಹೋಯಿತು. ಹಾಗಂತ ಹ್ಯೂಸ್ಟನ್‌ಗೆ ನಷ್ಟವಾಯಿತಾ? ಎರಡನೇ ಪಿಕ್‌ನಲ್ಲಿ ಸುಮ್ನೆ ಕೂತಿದ್ದವರಿಗೆ ಸಿ.ಜೆ. ಸ್ಟ್ರೌಡ್ ಸಿಕ್ಕಿದ, ಆ ವರ್ಷದ ಅತ್ಯುತ್ತಮ ಹೊಸ ಆಕ್ರಮಣ ಆಟಗಾರ ಅನ್ನಿಸಿಕೊಂಡ. ಶೇ. 52ರ ಮಾತು ನೆನಪಿದೆಯಲ್ಲ?

ಮಾರ್ಕ್ಸ್ ಕೊಡಲೇಬೇಕು ಅಂತಿದ್ದರೆ ನಾನು ಎರಡು ಕಾಲಂ ಹಾಕುತ್ತೇನೆ. ಆವತ್ತು ಗೊತ್ತಿದ್ದುದರಲ್ಲಿ ಕೊಟ್ಟ ಬೆಲೆ ಸರಿಯಾ ಅಂತ ಒಂದು, ಆಮೇಲೆ ಏನಾಯಿತು ಅಂತ ಇನ್ನೊಂದು. ಪ್ಯಾಂಥರ್ಸ್ ವ್ಯಾಪಾರದಲ್ಲಿ ಪೋಲ್ಸ್‌ಗೆ ಮೊದಲ ಕಾಲಂನಲ್ಲಿ ಬಿ ಪ್ಲಸ್ ಸಾಕು, ಎರಡನೆಯದರಲ್ಲಿ ನೂರಕ್ಕೆ ನೂರು. ಕ್ಲೇಪೂಲ್ ವಿಷಯದಲ್ಲಿ ಎರಡರಲ್ಲೂ ಫೇಲ್.

ಕೋಷ್ಟಕ ಪಕ್ಕಾ ಹೊಂದಿದ ಒಂದು ವ್ಯಾಪಾರವೂ ಇದರಲ್ಲೇ ಅಡಗಿದೆ. ಸಿಕ್ಕಿದ 9ನೇ ಪಿಕ್ ಅನ್ನು ಬೇರ್ಸ್ ಬಳಸಲಿಲ್ಲ. ಫಿಲಡೆಲ್ಫಿಯಾ ಈಗಲ್ಸ್‌ಗೆ ಕೊಟ್ಟು ಒಂದೇ ಹೆಜ್ಜೆ ಹಿಂದಕ್ಕೆ, 10ಕ್ಕೆ ಸರಿದು ಡಾರ್ನೆಲ್ ರೈಟ್‌ನನ್ನು ಆರಿಸಿದರು. ಕೊಸರಾಗಿ ಮರುವರ್ಷದ ನಾಲ್ಕನೇ ಸುತ್ತಿನ ಒಂದು ಪಿಕ್ ಬಂತು, ಅದು 122ನೆಯದಾಯಿತು. 9ಕ್ಕೂ 10ಕ್ಕೂ ಕೋಷ್ಟಕದಲ್ಲಿ ಅಂತರ 50 ಅಂಕ. ಮುಂದಿನ ವರ್ಷದ್ದು ಅಂತ ಸುತ್ತು ಇಳಿಸದೆ ನೋಡಿದರೆ 122ಕ್ಕೂ ಅದರಲ್ಲಿ ಬರೆದಿರುವುದು 50. ಈಗಲ್ಸ್ 9ರಲ್ಲಿ ಆರಿಸಿದ ಜೇಲನ್ ಕಾರ್ಟರ್ ಎರಡೇ ವರ್ಷದಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ. ಬೇರ್ಸ್ ಆ 122ರಲ್ಲಿ ತಂದದ್ದು ಟೋರಿ ಟೇಲರ್ ಎಂಬ ಆಸ್ಟ್ರೇಲಿಯಾದವನನ್ನು. ತಂಡದ ಆಟ ಕೈಕೊಟ್ಟಾಗ ಬಂದು, ಚೆಂಡನ್ನು ಆದಷ್ಟು ದೂರ ಒದ್ದು ಹೋಗುವುದು ಅವನ ಕೆಲಸ.