ಕಾರ್ನ್‌ವಾಲಿಸ್ ವಾಷಿಂಗ್ಟನ್‌ಗೆ ಕತ್ತಿ ಒಪ್ಪಿಸಲಿಲ್ಲ

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೋತು ವಾಷಿಂಗ್ಟನ್‌ಗೆ ಕತ್ತಿ ಒಪ್ಪಿಸಿದ ಜನರಲ್ ಕಾರ್ನ್‌ವಾಲಿಸ್, ಟಿಪ್ಪುವಿನ ಮಕ್ಕಳನ್ನು ಒತ್ತೆ ಇಟ್ಟುಕೊಂಡ ಕಾರ್ನ್‌ವಾಲಿಸ್, ಇಬ್ಬರೂ ಒಬ್ಬರೇನಾ?

ಒಬ್ಬನೇ. ಚಾರ್ಲ್ಸ್ ಕಾರ್ನ್‌ವಾಲಿಸ್, ಹುಟ್ಟಿದ್ದು 1738ರಲ್ಲಿ ಲಂಡನ್ನಿನಲ್ಲಿ, ಸತ್ತಿದ್ದು 1805ರಲ್ಲಿ ಗಾಜಿಪುರದಲ್ಲಿ. ಸಮಾಧಿಯೂ ಅಲ್ಲೇ ಇದೆ. ಉತ್ತರ ಇಷ್ಟೇ. ಆದರೆ ಪ್ರಶ್ನೆಯ ಹೊಟ್ಟೆಯೊಳಗೇ ಒಂದು ತಪ್ಪು ಕೂತಿದೆ. ಎಷ್ಟು ಸಲ ತಿದ್ದಿದರೂ ಮುಂದಿನ ಪತ್ರದಲ್ಲಿ ಮತ್ತೆ ಹಾಜರಾಗುತ್ತದೆ. ಹಾಗಾಗಿ ಈ ಸಲ ಬಿಡಿಸಿಯೇ ಹೇಳಬೇಕು.

ಕಾರ್ನ್‌ವಾಲಿಸ್ ವಾಷಿಂಗ್ಟನ್‌ಗೆ ಕತ್ತಿ ಒಪ್ಪಿಸಲಿಲ್ಲ. ಶರಣಾಗತಿಯ ಮೈದಾನಕ್ಕೆ ಅವನು ಬಂದೇ ಇರಲಿಲ್ಲ.

1781ರ ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಬಾಯಲ್ಲಿ ಫ್ರೆಂಚ್ ನೌಕಾಪಡೆ ಬ್ರಿಟಿಷ್ ಹಡಗುಗಳನ್ನು ತಡೆದಾಗಲೇ, ಕಾರ್ನ್‌ವಾಲಿಸ್ ಬೀಡುಬಿಟ್ಟಿದ್ದ ವರ್ಜೀನಿಯಾದ ಯಾರ್ಕ್‌ಟೌನ್‌ಗೆ ಸಮುದ್ರದ ದಾರಿ ಮುಚ್ಚಿತ್ತು. ಅಕ್ಟೋಬರ್ 9ರಂದು ಅಮೆರಿಕನ್ನರ ಮತ್ತು ಫ್ರೆಂಚರ ಫಿರಂಗಿ ದಾಳಿ ಶುರುವಾಯಿತು. 14ರ ರಾತ್ರಿ ಹೊರಗಿನ ಎರಡು ಕೊತ್ತಲಗಳು ಕೈಬಿಟ್ಟವು. 16ರ ರಾತ್ರಿ ದೋಣಿಗಳಲ್ಲಿ ಯಾರ್ಕ್ ನದಿ ದಾಟಿ ಪಾರಾಗುವ ಪ್ರಯತ್ನವೂ ಬಿರುಗಾಳಿಗೆ ಸಿಕ್ಕಿ ಕೆಟ್ಟಿತು. 17ರಂದು ಮಾತುಕತೆಗೆ ಕರೆ ಹೋಯಿತು, 19ರಂದು ಶರಣಾಗತಿಯ ಕರಾರಿಗೆ ಸಹಿ ಬಿತ್ತು. ಏಳು ಸಾವಿರಕ್ಕೂ ಹೆಚ್ಚು ಜನ ಸೆರೆಯಾದರು.

ಅಂದು ಮಧ್ಯಾಹ್ನ ಕಾರ್ನ್‌ವಾಲಿಸ್ ಮೈಗೆ ಹುಷಾರಿಲ್ಲವೆಂದು ಒಳಗೇ ಉಳಿದ. ಸೈನ್ಯದ ಮುಂದೆ ಬಂದವನು ಅವನ ಕೈಕೆಳಗಿನ ಚಾರ್ಲ್ಸ್ ಓಹಾರ. ಅವನು ಮೊದಲು ಹೋದದ್ದು ಫ್ರೆಂಚ್ ಸೇನಾಪತಿ ರೋಶಾಂಬೋ ಬಳಿಗೆ. ರೋಶಾಂಬೋ ವಾಷಿಂಗ್ಟನ್ ಕಡೆ ಕೈ ತೋರಿಸಿದ. ವಾಷಿಂಗ್ಟನ್ ತನ್ನ ಕೈಕೆಳಗಿನ ಬೆಂಜಮಿನ್ ಲಿಂಕನ್ ಕಡೆ ಕಳಿಸಿದ. 1780ರ ಮೇ ತಿಂಗಳಲ್ಲಿ ಚಾರ್ಲ್ಸ್‌ಟನ್‌ನಲ್ಲಿ ಬ್ರಿಟಿಷರಿಗೆ ಶರಣಾಗಿದ್ದವನು ಇದೇ ಲಿಂಕನ್. ಬಾವುಟ ಬಿಚ್ಚಿ ಹೊರಬರುವ ಮರ್ಯಾದೆಯನ್ನು ಅಂದು ಅವನ ಸೈನ್ಯಕ್ಕೆ ಕೊಟ್ಟಿರಲಿಲ್ಲ. ಅದಕ್ಕೇ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷರೂ ಬಾವುಟ ಸುತ್ತಿಟ್ಟುಕೊಂಡೇ ಬರಬೇಕಾಯಿತು. ಇನ್ನೊಂದು ವಿಷಯ: ಅಧಿಕಾರಿಗಳು ಸೊಂಟದ ಆಯುಧ ಉಳಿಸಿಕೊಳ್ಳಬಹುದೆಂದು ಕರಾರಿನಲ್ಲೇ ಬರೆದಿತ್ತು. ಕತ್ತಿ ನೀಡುವುದು ಕೇವಲ ಶಿಷ್ಟಾಚಾರ.

ತಪ್ಪು ಹುಟ್ಟುವುದು ಎಲ್ಲಿಂದ? ಬಹಳ ಮಟ್ಟಿಗೆ ಜಾನ್ ಟ್ರಂಬುಲ್‌ನ ವರ್ಣಚಿತ್ರದಿಂದ. ಅದರ ಹೆಸರು ‘ಲಾರ್ಡ್ ಕಾರ್ನ್‌ವಾಲಿಸ್‌ನ ಶರಣಾಗತಿ’. ಹೆಸರು ಓದಿದವರು, ನಡುವೆ ನಿಂತವನೇ ಕಾರ್ನ್‌ವಾಲಿಸ್, ಬಿಳಿ ಕುದುರೆ ಮೇಲಿರುವವನೇ ವಾಷಿಂಗ್ಟನ್ ಎಂದುಕೊಳ್ಳುತ್ತಾರೆ. ದಯವಿಟ್ಟು ಇನ್ನೊಮ್ಮೆ ನೋಡಿ. ಬಿಳಿ ಕುದುರೆ ಮೇಲಿರುವವನು ಲಿಂಕನ್. ವಾಷಿಂಗ್ಟನ್ ಹಿಂದೆ, ಕಂದು ಕುದುರೆಯ ಮೇಲಿದ್ದಾನೆ. ಕಾರ್ನ್‌ವಾಲಿಸ್ ಚಿತ್ರದಲ್ಲೇ ಇಲ್ಲ.

ಸೋತದ್ದಕ್ಕೆ ಶಿಕ್ಷೆಯಾಗಿ ಭಾರತಕ್ಕೆ ಅಟ್ಟಿದರು ಎಂಬುದೂ ಸುಳ್ಳು. 1786ರಲ್ಲಿ ಗವರ್ನರ್ ಜನರಲ್ ಮತ್ತು ಸೇನಾಧಿಪತಿ ಎರಡೂ ಹುದ್ದೆಗಳನ್ನು ಒಟ್ಟಿಗೆ ಪಡೆದೇ ಅವನು ಕಲ್ಕತ್ತೆಗೆ ಬಂದ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ: ಅಲ್ಲಿ ಸೋತವನು ಇಲ್ಲಿ ಗೆದ್ದದ್ದು ಹೇಗೆ? ಉತ್ತರ ಇರುವುದು ಎತ್ತುಗಳಲ್ಲಿ. 1781ರ ಜನವರಿಯಲ್ಲಿ ಅಮೆರಿಕನ್ ಸೇನಾನಿ ಗ್ರೀನ್‌ನ ಬೆನ್ನಟ್ಟಲು ಅವನು ತನ್ನದೇ ಬಂಡಿ, ಡೇರೆ, ರಮ್ ಪೀಪಾಯಿಗಳನ್ನು ಸುಟ್ಟುಹಾಕಿದ್ದ. ಮಾರ್ಚ್ 15ರಂದು ಗಿಲ್‌ಫರ್ಡ್‌ನಲ್ಲಿ ಗೆದ್ದನಾದರೂ ಸುಮಾರು 1,900 ಜನರಲ್ಲಿ 500ಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಉಳಿದವರಿಗೆ ಕೂಳಿಲ್ಲದೆ ಕರಾವಳಿಗೆ ಇಳಿಯಬೇಕಾಯಿತು.

1791ರಲ್ಲಿ ಅದೇ ಪಾಠ ಮತ್ತೆ. ಮಾರ್ಚ್ 21ರಂದು ಬೆಂಗಳೂರು ಕೋಟೆ ಹಿಡಿದು, ಮೇ 15ರಂದು ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದ. ಆದರೆ ಶ್ರೀರಂಗಪಟ್ಟಣ ಕಣ್ಣೆದುರಿಗಿದ್ದರೂ ಮುಟ್ಟಲಾಗಲಿಲ್ಲ. ಸುತ್ತಲಿನ ಮೇವನ್ನು ಟಿಪ್ಪು ಮೊದಲೇ ಇಲ್ಲವಾಗಿಸಿದ್ದ. ಎತ್ತುಗಳು ಸತ್ತವು, ಮಳೆ ಹಿಡಿಯಿತು, ಭಾರಿ ಫಿರಂಗಿಗಳನ್ನು ಎಳೆಯುವವರಿಲ್ಲ. ಕೊನೆಗೆ ಅವನ್ನು ತಾನೇ ಹಾಳುಮಾಡಿ ಬೆಂಗಳೂರಿನ ಕಡೆ ತಿರುಗಿದ. ಕೆಲವೇ ದಿನಗಳಲ್ಲಿ ಅವನ ಮಿತ್ರರಾದ ಮರಾಠರ ಸೈನ್ಯ ಧಾನ್ಯ ಸಮೇತ ಎದುರಾಯಿತು. ಅವರು ಅಷ್ಟು ಹತ್ತಿರದಲ್ಲಿದ್ದಾರೆಂದು ಅವನಿಗೆ ಗೊತ್ತಾಗದಂತೆ ಟಿಪ್ಪುವಿನ ಕುದುರೆ ಸವಾರರು ಸುದ್ದಿಯ ದಾರಿ ಕಟ್ಟಿದ್ದರು.

ಮತ್ತೆ ಹೊರಟಾಗ ಅವಸರಪಡಲಿಲ್ಲ. ಮೊದಲು ನಂದಿದುರ್ಗ, ಸಾವನದುರ್ಗಗಳನ್ನು ಹಿಡಿದು ಬೆನ್ನ ಹಿಂದಿನ ದಾರಿ ಭದ್ರ ಮಾಡಿಕೊಂಡ. ಬಂಡಿಗಳನ್ನಷ್ಟೇ ನಂಬದೆ ಲಂಬಾಣಿಗಳ ಹೇರೆತ್ತುಗಳನ್ನು ಆಸರೆ ಮಾಡಿಕೊಂಡ. ಬಂಡಿ ಹೂಳುವ ಕೆಸರಲ್ಲೂ ಹೇರೆತ್ತು ನಡೆಯುತ್ತದೆ, ದಾರಿಯಲ್ಲಿ ಸಿಕ್ಕ ಹುಲ್ಲನ್ನೇ ಮೇಯುತ್ತದೆ. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರ ಪಾಳೆಯದ ಮೇಲೆ ಬಿದ್ದ ಸೈನ್ಯಕ್ಕೆ ಅನ್ನ ಬಂದದ್ದು ಆ ಹೇರುಗಳಿಂದ.